ಹುಬ್ಬೆ ಮಳೆಯಲ್ಲಿ ತೆನೆ ಹಬ್ಬ

ಸೆಪ್ಟೆಂಬರ್ 8ಕ್ಕೆ ಮಲೆನಾಡಿನ ಗದ್ದೆಯಲ್ಲಿ ತೆನೆ ಇರುವುದಿಲ್ಲ. ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ನಾಟಿಯಾದ ಸಸಿ ಅಷ್ಟೊತ್ತಿಗೆ ತೆಂಡೆ ಒಡೆದು ಹಸಿರಾಗಿ ನಿಂತಿರುತ್ತದೆ, ಅಷ್ಟೇ. ಹೊಡೆ ಕಟ್ಟುವುದು ಇನ್ನೂ ದೂರದ ಮಾತು. ಮಾತೆ ಮರಿಯಮ್ಮನವರ ಜನನದ ಹಬ್ಬ ಬರುವುದು ಮಾತ್ರ ಅದೇ ದಿನ. ಕೊಂಕಣಿ ಮನೆಗಳಲ್ಲಿ ಅದು ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ. ಹೊಸ ತೆನೆಯನ್ನು ಗುರುಗಳು ಆಶೀರ್ವದಿಸಬೇಕು, ಮನೆಗೊಂದು ತೆನೆ ಹಂಚಬೇಕು, ಅದರ ಕಾಳು ಸುಲಿದು ಎಲ್ಲರೂ ಹೊಸತು ಉಣ್ಣಬೇಕು. ಈ ಪದ್ಧತಿ ಬೆಳೆದದ್ದು ಕರಾವಳಿಯಲ್ಲಿ. ಅಲ್ಲಿ ಏಣಿಲು ಎಂಬ ಮುಂಗಾರಿನ ಭತ್ತದ ಬೆಳೆ ಆ ಹೊತ್ತಿಗೆ ತೆನೆ ಬಾಗಿಸಿರುತ್ತದೆ. ತೋಟದ ದುಡಿಮೆಗೆಂದು ಘಟ್ಟ ಹತ್ತಿದ ಕುಟುಂಬಗಳು ಹಬ್ಬವನ್ನು ಜೊತೆಗೆ ತಂದವು, ಗದ್ದೆಯ ಪಂಚಾಂಗವನ್ನು ತರಲಾಗಲಿಲ್ಲ.

ಹಾಗಾಗಿ ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ತೆನೆ ಹೊಂದಿಸುವುದೇ ಒಂದು ಕೆಲಸ. ಒಂದು ದಾರಿ, ಘಟ್ಟದ ಕೆಳಗಿನ ನೆಂಟರಿಗೆ ಹೇಳಿ ಆಗುಂಬೆ ಘಾಟಿ ಹತ್ತಿಸಿ ತರಿಸುವುದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ತೆನೆ ಎರಡು ದಿನಕ್ಕೆ ಬೆವೆತು ಬೂಷ್ಟು ಹಿಡಿಯುತ್ತದೆ. ಬಾಳೆಲೆಯಲ್ಲೋ ಹಳೆ ಪಂಚೆಯಲ್ಲೋ ಸಡಿಲಾಗಿ ಸುತ್ತಿ ತರಬೇಕು. ಇನ್ನೊಂದು ದಾರಿ, ಬಾವಿ ಕಟ್ಟೆಯ ಪಕ್ಕ ಒಂದು ಮಡಿ ಮಾಡಿ, 120 ದಿನದ ತಳಿಯನ್ನು ಮೇ 20ರ ಆಸುಪಾಸಿಗೇ ಬಿತ್ತುವುದು. ಸುಮಾರು 90 ದಿನಕ್ಕೆ ತೆನೆ ಹೊರಬಂದರೆ ಹಬ್ಬದ ದಿನಕ್ಕೆ ಕಾಳಿನಲ್ಲಿ ಹಾಲು ಗಟ್ಟಿಯಾಗುತ್ತಾ ಇರುತ್ತದೆ. ಇಲ್ಲೂ ಒಂದು ಪೇಚಿದೆ. ಭತ್ತದ ಹೂ ಬಿಚ್ಚಿಕೊಳ್ಳುವುದು ಬೆಳಗಿನ ಎಳೆಬಿಸಿಲಲ್ಲಿ, ಅದೂ ಒಂದೆರಡು ತಾಸು. ಆ ಹೊತ್ತಿಗೆ ಮಳೆ ಜಡಿದು ಹಿಡಿದರೆ ಪರಾಗ ತೊಳೆದು ಹೋಗಿ ತೆನೆಯೆಲ್ಲ ಜೊಳ್ಳು. ಹೊರಗಿನಿಂದ ನೋಡಿದರೆ ತೆನೆಯೇ, ಹಿಚುಕಿದರೆ ಒಳಗೇನೂ ಇಲ್ಲ.

ಮಾರ್ಕನ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವ ಒಂದು ಪುಟ್ಟ ಸಾಮತಿ, ಅಂದರೆ ದೃಷ್ಟಾಂತ ಕಥೆ, ಇದೆ. ಬಿತ್ತುವವನ ಸಾಮತಿಯ ನೆರಳಿನಲ್ಲಿ ಅದು ಹೆಚ್ಚಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ರೈತ ಬಿತ್ತಿ ಮಲಗುತ್ತಾನೆ, ಏಳುತ್ತಾನೆ. ಬೀಜ ಹೇಗೆ ಬೆಳೆಯಿತೋ ಅವನಿಗೇ ಗೊತ್ತಿಲ್ಲ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆ ತುಂಬಾ ಕಾಳು. ವಿಶ್ವಾಸ ಬೆಳೆಯುವುದೂ, ನನ್ನನ್ನು ದೇವರು ಯಾವ ಸೇವೆಗೆ ಕರೆದಿದ್ದಾನೆ ಎಂದು ಗೊತ್ತಾಗುವುದೂ ಈ ಕ್ರಮದಲ್ಲೇ. ಮಲೆನಾಡಿನ ಕ್ರೈಸ್ತರು ಗರಿಯ ಹೊತ್ತಿನಲ್ಲಿ ತೆನೆಯ ಹಬ್ಬ ಮಾಡುತ್ತಾರೆ, ಅದೂ ಎರವಲು ತೆನೆಯಲ್ಲಿ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆ ದಿನ ಕೊಂಡಾಡುವುದೂ ಒಂದು ಹೆಣ್ಣುಮಗುವಿನ ಹುಟ್ಟನ್ನು. ಯೇಸುವಿನ ತಾಯಿಯಾಗುವೆ ಎಂದು ಹೇಳಲು ಗೇಬ್ರಿಯೇಲ ದೂತ ಅವಳ ಬಾಗಿಲಿಗೆ ಬರಲು ಇನ್ನೂ ಎಷ್ಟೋ ವರ್ಷ ಇದೆ.

ಹಬ್ಬಕ್ಕೆ ಮುನ್ನ ಒಂಬತ್ತು ದಿನದ ನೊವೆನಾ ಪ್ರಾರ್ಥನೆ, ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗೆ. ಹೆಚ್ಚುಕಡಿಮೆ ಅದೇ ದಿನಕ್ಕೆ ಹುಬ್ಬೆ ನಕ್ಷತ್ರದ ಮಳೆಯೂ ಹುಟ್ಟುತ್ತದೆ. ಮಕ್ಕಳು ದಿನಾ ಮನೆಯಂಗಳದ ಹೂ ತಂದು ಬಾಲ ಮರಿಯಮ್ಮನ ಮುಂದೆ ಸುರಿಯುತ್ತಾರೆ. ನಮ್ಮ ಕಡೆ ಆಗ ಡೇರೆ ಹೂವಿನ ಕಾಲ. ಜೊತೆಗೆ ಕರ್ಣಕುಂಡಲ, ದಾಸವಾಳ, ರಥಪುಷ್ಪ. ಡೇರೆ ಪೂರ್ತಿ ಅರಳುವವರೆಗೆ ಕಾದರೆ ಕೆಟ್ಟಿತು. ಎಸಳುಗಳ ಬುಡದಲ್ಲಿ ನೀರು ನಿಂತು ಭಾರಕ್ಕೆ ಕತ್ತು ಮುರಿಯುತ್ತದೆ, ಚರ್ಚು ಮುಟ್ಟುವಷ್ಟರಲ್ಲಿ ಎಸಳು ಕಂದಿರುತ್ತದೆ. ಮುಕ್ಕಾಲು ಅರಳಿದ್ದನ್ನು ಗೇಣುದ್ದ ತೊಟ್ಟಿನ ಸಮೇತ ಕೊಯ್ದು, ತಲೆಕೆಳಗು ಹಿಡಿದು ಕೊಡವಿ, ಹತ್ತು ನಿಮಿಷ ಹಾಗೇ ನೇತುಹಾಕಿದರೆ ನೀರು ಇಳಿಯುತ್ತದೆ. ಪೇಟೆಯಿಂದ ಚೆಂಡು ಹೂವಿನ ಮಾಲೆ ತರಿಸುವ ರೂಢಿ ಈಗ ಹೆಚ್ಚುತ್ತಿದೆ. ಅದು ಬೇಡ. ಹೂ ಹುಡುಕಿಕೊಂಡು ಮಗು ಬೇಲಿಯ ಗುಂಟ ಒದ್ದೆಯಾಗುತ್ತಾ ನಡೆಯುವುದೇ ಇಲ್ಲಿ ಮುಖ್ಯ. ಅಮ್ಮ ಕೊಯ್ದು ಬುಟ್ಟಿ ತುಂಬಿಸಿ ಮಗುವಿನ ಕೈಗೆ ಕೊಟ್ಟರೆ ಅದು ಅಮ್ಮನ ಸೇವೆ. ಐದು ವರ್ಷದ ಹುಡುಗಿ ಎರಡೇ ಕರ್ಣಕುಂಡಲ ಮುಷ್ಟಿಯಲ್ಲಿ ಹಿಚುಕಿ ತಂದರೂ ಸಾಕು.

ದೊಡ್ಡವರಿಗೂ ಈ ಒಂಬತ್ತು ದಿನ ಒಳ್ಳೆಯ ಅವಕಾಶ. ಒಂದು ನೋಟ್‌ಬುಕ್ಕು, ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ. ಲೊಯೋಲದ ಸಂತ ಇಗ್ನಾಸಿಯವರು ಕಲಿಸಿದ ದಿನದ ಆತ್ಮಶೋಧನೆಯ ಕ್ರಮ ಇದಕ್ಕೆ ಸರಿಹೊಂದುತ್ತದೆ. ಮೊದಲು ದಿನಕ್ಕಾಗಿ ಕೃತಜ್ಞತೆ. ಆಮೇಲೆ ಬೆಳಕಿಗಾಗಿ ಬೇಡಿಕೆ. ಆಮೇಲೆ ಬೆಳಗಿನಿಂದ ನಡೆದದ್ದನ್ನು ಗಂಟೆ ಗಂಟೆಯಾಗಿ ಹಿಂದಿರುಗಿ ನೋಡುವುದು. ತಪ್ಪಿದ್ದಕ್ಕೆ ಕ್ಷಮೆ, ನಾಳೆಗೊಂದು ತೀರ್ಮಾನ. ಹೆಚ್ಚಿನವರು ಎಡವುವುದು ಮೂರನೆಯ ಮೆಟ್ಟಿಲಲ್ಲಿ: ಪಾಪಗಳ ಪಟ್ಟಿ ಮಾಡಲು ಕೂರುತ್ತಾರೆ. ಅದಕ್ಕೆ ಪಾಪನಿವೇದನೆ ಇದೆ. ಇಲ್ಲಿ ಗಮನಿಸಬೇಕಾದದ್ದು, ಯಾವ ಕೆಲಸ ಮಾಡುವಾಗ ಮನಸ್ಸು ದೇವರ ಕಡೆ ತಿರುಗಿ ಹಗುರಾಯಿತು, ಯಾವುದು ಮಾಡಿ ಮುಗಿದ ಮೇಲೂ ಒಣಗಿದ ಹಾಗಾಯಿತು ಎಂಬುದು. ಒಂಬತ್ತು ದಿನ ಬರೆದರೆ ಒಂದೇ ಹೆಸರು, ಒಂದೇ ಮನೆ, ಒಂದೇ ಕೆಲಸ ಮೂರು ನಾಲ್ಕು ಸಲ ಬಂದಿರುವುದು ಕಾಣುತ್ತದೆ. ಅದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ. ಇಗ್ನಾಸಿಯವರ ಇನ್ನೊಂದು ನಿಯಮವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಬಹುದು: ಮನಸ್ಸು ಕತ್ತಲಾಗಿರುವಾಗ ಹಿಂದೆ ಮಾಡಿದ ತೀರ್ಮಾನವನ್ನು ಬದಲಿಸಬೇಡ. ಹದಿನೈದು ದಿನ ಬಿಸಿಲು ಕಾಣದ ಊರಿನಲ್ಲಿ ಈ ಮಾತಿಗೆ ತೂಕ ಜಾಸ್ತಿ.

ಹಬ್ಬದ ದಿನದ ವಾಚನಗಳನ್ನು ಹಿಂದಿನ ರಾತ್ರಿಯೇ ಓದಿಕೊಂಡು ಹೋಗಬೇಕು. ಮೊದಲ ವಾಚನ ಪ್ರವಾದಿ ಮೀಕನದ್ದು, ಯೂದಾಯದ ಕುಲಗಳಲ್ಲೆಲ್ಲ ತೀರ ಚಿಕ್ಕದಾದ ಬೆತ್ಲೆಹೇಮಿನ ಮಾತು. ಅದರ ಬದಲು ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯವನ್ನೂ ಓದಬಹುದು. ದೇವರು ಮೊದಲೇ ಗೊತ್ತುಮಾಡಿದವರನ್ನು ಕರೆದನು ಎಂದು ಪೌಲ ಹೇಳುವುದು ಅಲ್ಲೇ. ಶುಭಸಂದೇಶ ಮತ್ತಾಯನ ವಂಶಾವಳಿ, ಹದಿನಾಲ್ಕು ಹದಿನಾಲ್ಕಾಗಿ ಮೂರು ಕಂತು. ವಂಶಾವಳಿ ಬಿಟ್ಟು 18ನೆಯ ವಚನದಿಂದ ಓದುವುದಕ್ಕೂ ಅನುಮತಿ ಇದೆ, ಎಷ್ಟೋ ಕಡೆ ಹಾಗೆ ಮಾಡುತ್ತಾರೆ. ಬಿಡಬಾರದು ಎಂದೇ ನಮ್ಮ ಅಭಿಪ್ರಾಯ. ಆ ಹೆಸರುಗಳ ಸಾಲಿನಲ್ಲಿ ತಾಮಾರ, ರಾಹಾಬ, ರೂತ್, ಊರೀಯನ ಹೆಂಡತಿ ಇದ್ದಾರೆ. ಮಾವನನ್ನು ಮೋಸಗೊಳಿಸಿದವಳು, ಸೂಳೆ, ಪರದೇಶದ ವಿಧವೆ, ರಾಜನ ಕಣ್ಣಿಗೆ ಬಿದ್ದವಳು. ‘ನನ್ನಂಥವಳಿಗೆ ಎಂಥ ದೈವಕರೆ’ ಎಂದು ಹಿಂದಿನ ಬೆಂಚಿನಲ್ಲಿ ಕೂತವರು ಆ ನಾಲ್ಕು ಹೆಸರನ್ನು ಕಿವಿಯಾರೆ ಕೇಳಬೇಕು.

ದೈವಕರೆ ಅಂದ ಕೂಡಲೆ ಸೆಮಿನರಿ, ಕಾನ್ವೆಂಟು ಮಾತ್ರ ನೆನಪಾಗುವುದು ನಮ್ಮಲ್ಲಿನ ದೊಡ್ಡ ಅಡ್ಡಿ. ಅವು ಇವೆ, ಅವಕ್ಕೆ ಅವಸರವೂ ಇಲ್ಲ. ಸಭೆಯ ಕಾನೂನಿನಂತೆ ನೊವಿಶಿಯೇಟಿಗೆ, ಅಂದರೆ ಸನ್ಯಾಸದ ಮೊದಲ ತರಬೇತಿಗೆ, ಸೇರಲು 17 ತುಂಬಿರಬೇಕು, ಅದು ಕನಿಷ್ಠ 12 ತಿಂಗಳು. ಆಮೇಲೆ ತಾತ್ಕಾಲಿಕ ವ್ರತ ಕನಿಷ್ಠ ಮೂರು ವರ್ಷ. ಗುರುದೀಕ್ಷೆಗೆ ಸಾಮಾನ್ಯವಾಗಿ 25 ತುಂಬಿರಬೇಕು. ಇಷ್ಟು ಕಾಯಿಸುವ ಸಭೆಯಲ್ಲಿ, ಧ್ಯಾನಕೂಟದಿಂದ ಬಂದ ಮರುದಿನವೇ ‘ನನ್ನ ಕರೆ ಗೊತ್ತಾಯಿತು’ ಎಂದು ಘೋಷಿಸುವವರನ್ನು ಕಂಡರೆ ಹುಬ್ಬೆ ಮಳೆಯಲ್ಲಿ ಹೂಬಿಟ್ಟ ಭತ್ತ ನೆನಪಾಗುತ್ತದೆ. ಬೈಬಲಿನ ಬಾಲಕ ಸಮುವೇಲ ದೇವರು ಕರೆದಾಗ ಮೂರು ಸಲ ತಪ್ಪು ಬಾಗಿಲಿಗೆ ಓಡಿದ. ಕರೆಯುತ್ತಿರುವವನು ಯಾರೆಂದು ಹೇಳಿಕೊಟ್ಟದ್ದು ಕಣ್ಣು ಮಂಜಾದ ಮುದುಕ ಯಾಜಕ ಏಲಿ. ಅಂಥ ಒಬ್ಬರು ಬೇಕು, ಧರ್ಮಕೇಂದ್ರದ ಗುರುಗಳೋ, ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರ್ಕಾರರೋ, ಸಿಸ್ಟರೋ. ನಮ್ಮನ್ನು ಹೊಗಳುವವರ ಹತ್ತಿರ ಕೇಳಿ ಪ್ರಯೋಜನವಿಲ್ಲ.

ಮೂರು ಸಂಗತಿ ಒಟ್ಟಿಗೆ ಕೂಡಬೇಕು. ಒಳಗೆ ಒಲವು, ಕೈಯಲ್ಲಿ ಅದಕ್ಕೆ ಬೇಕಾದ ಕಸುಬು, ಸುತ್ತಲಿನವರಿಗೆ ಅದರ ಅಗತ್ಯ. ಕಂಠ ಇಲ್ಲದವರ ಒಲವು ಗಾಯನವೃಂದಕ್ಕೆ ಹೊರೆ. ಕಂಠ ಇದ್ದವರು ಆರು ಮಂದಿ ಆಗಲೇ ಇರುವಲ್ಲಿ ಏಳನೆಯವರು ಹಾಡುವ ಬದಲು ಭಾನುವಾರದ ಧರ್ಮೋಪದೇಶದ ತರಗತಿಗೆ ಹೋಗಬಹುದು. ಅಲ್ಲಿ ಯಾವಾಗಲೂ ಜನ ಸಾಲದು. ಬೈಬಲಿನ ಪ್ರೇಷಿತರ ಕಾರ್ಯಕಲಾಪದ ಆರನೆಯ ಅಧ್ಯಾಯ ನೋಡಿ: ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಬಂದಾಗ ಏಳು ಮಂದಿಯನ್ನು ಆರಿಸಿದರು. ಸೇವೆ ಹುಟ್ಟಿದ್ದು ದೂರಿನಿಂದ. ನಿಮ್ಮ ಧರ್ಮಕೇಂದ್ರದಲ್ಲಿ ಜನ ಗೊಣಗುವುದು ಯಾವುದಕ್ಕೆ ಎಂದು ಒಂದು ತಿಂಗಳು ಕಿವಿಗೊಟ್ಟರೆ ಖಾಲಿ ಜಾಗ ಎಲ್ಲಿದೆ ಎಂದು ತಿಳಿಯುತ್ತದೆ.

ಮಲೆನಾಡಿನಲ್ಲಿ ಆ ಖಾಲಿ ಜಾಗ ಬಹುಪಾಲು ಒಂಟಿ ಮನೆಗಳಲ್ಲೇ ಇರುತ್ತದೆ. ಶಿವಮೊಗ್ಗ ಧರ್ಮಕ್ಷೇತ್ರ 1988ರಲ್ಲಿ ರೂಪುಗೊಂಡಾಗ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಎಲ್ಲ ಅದರೊಳಗೆ ಬಂತು. ಬಯಲಿನಲ್ಲಿ ಮನೆಗೆ ಮನೆ ತಾಗಿರುತ್ತದೆ. ಘಟ್ಟದ ಕಡೆ ಬಸ್ಸಿಳಿದು ಎರಡು ಮೈಲಿ ನಡೆದರೆ ಒಂದು ಮನೆ. ಅಲ್ಲಿ ಹಾಸಿಗೆ ಹಿಡಿದ ಅಜ್ಜಿ ಮಳೆಗಾಲ ಪೂರ್ತಿ ಚರ್ಚಿನ ಬಲಿಪೂಜೆ ಕಾಣುವುದಿಲ್ಲ. ಧರ್ಮಾಧ್ಯಕ್ಷರ ಅನುಮತಿ ಪಡೆದ ವಿಶ್ವಾಸಿಗಳೂ ಅಂಥವರಿಗೆ ಪರಮಪ್ರಸಾದ, ಅಂದರೆ ಬಲಿಪೂಜೆಯಲ್ಲಿ ಪವಿತ್ರಗೊಂಡ ರೊಟ್ಟಿ, ಒಯ್ಯಬಹುದು. ಬಲಿಪೂಜೆ ಮುಗಿದು ಪಿಕ್ಸ್ ಎಂಬ ಪುಟ್ಟ ಡಬ್ಬಿಯನ್ನು ಕತ್ತಿಗೆ ಹಾಕಿಕೊಂಡ ಮೇಲೆ ನೇರ ಆ ಮನೆಗೇ ಹೋಗಬೇಕು. ದಾರಿಯಲ್ಲಿ ರೇಷನ್ ಅಂಗಡಿ, ಹರಟೆ ಕೂಡದು. ಮಂಚದ ಪಕ್ಕ ಒಂದು ಸ್ಟೂಲು, ಬಿಳಿ ಬಟ್ಟೆ, ಮೇಣದಬತ್ತಿ, ಶಿಲುಬೆ, ಒಂದು ಲೋಟ ನೀರು, ಚಮಚ ಇಡುವಂತೆ ಮೊದಲೇ ಹೇಳಿಡಬೇಕು. ಕೊಡೆ ಜಗುಲಿಯಲ್ಲೇ ಇರಲಿ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತು ಕಾಲು ತೊಳೆದು ಒಳಗೆ ಬರಬೇಕು. ನುಂಗಲು ಕಷ್ಟವಾದರೆ ಸಣ್ಣ ಚೂರು ಮುರಿದು ಕೊಟ್ಟು, ಹಿಂದಿನಿಂದ ಒಂದು ಚಮಚ ನೀರು. ಪರಮಪ್ರಸಾದಕ್ಕೆ ಮುನ್ನ ಒಂದು ತಾಸಿನ ಉಪವಾಸದ ನಿಯಮ ರೋಗಿಗೂ, ನೋಡಿಕೊಳ್ಳುವವರಿಗೂ ಇಲ್ಲ. ಗಂಜಿ ಕುಡಿದೆ ಎಂದು ಅಜ್ಜಿ ಅಳುಕಿದರೆ ಇದನ್ನು ಹೇಳಿ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. ಕಷಾಯದ ಸಲಹೆ, ‘ದೇವರು ಪರೀಕ್ಷೆ ಮಾಡುತ್ತಿದ್ದಾನೆ’ ಎಂಬ ಸಮಾಧಾನ ಎರಡೂ ಬೇಡ. ಸೊಸೆಯ ಜೊತೆ ಅಡುಗೆಮನೆಯಲ್ಲಿ ಐದು ನಿಮಿಷ ನಿಂತು ಮಾತಾಡಿದರೆ ಅಜ್ಜಿಗೆ ಕೊಟ್ಟಷ್ಟೇ ಅವಳಿಗೂ ಕೊಟ್ಟ ಹಾಗಾಗುತ್ತದೆ.

ಬಡವರ ಮನೆಗೆ ಹೋಗುವುದಾದರೆ ಒಬ್ಬರೇ ಹೋಗಬೇಡಿ. ಯೇಸು ಶಿಷ್ಯರನ್ನು ಕಳಿಸಿದ್ದೇ ಇಬ್ಬಿಬ್ಬರಾಗಿ. 1833ರಲ್ಲಿ ಪ್ಯಾರಿಸಿನಲ್ಲಿ 20ರ ಹರೆಯದ ವಿದ್ಯಾರ್ಥಿ ಫ್ರೆಡರಿಕ್ ಒಜಾನಾಂ ಮತ್ತು ಗೆಳೆಯರು ಶುರುಮಾಡಿದ ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ಇಂದಿಗೂ ಜೋಡಿಯಾಗಿಯೇ ಮನೆಗಳಿಗೆ ಹೋಗುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರಿಗೆ ಸೋರುವ ಮಾಡು, ಖಾಲಿ ಡಬ್ಬಿ ಕಾಣುತ್ತದೆ. ಕೊಟ್ಟದ್ದರ ಫೋಟೊ ತೆಗೆದು ವಾಟ್ಸಾಪಿಗೆ ಹಾಕುವ ಚಾಳಿ ಮಾತ್ರ ಅಕ್ಕಿಯನ್ನೂ ಮಾನವನ್ನೂ ಒಟ್ಟಿಗೆ ಕಸಿಯುತ್ತದೆ.

ಇನ್ನು ಹಬ್ಬದ ಊಟ. ಪೂರ್ತಿ ಸಸ್ಯಾಹಾರ, ತರಕಾರಿ ಬೆಸ ಲೆಕ್ಕದಲ್ಲಿ: ಐದು, ಏಳು, ಕೂಡಿದರೆ ಒಂಬತ್ತು. ಹೀರೆ, ಬೆಂಡೆ, ಮೊಗೆಕಾಯಿ, ಹರಿವೆ, ಕುಂಬಳ, ಅಲಸಂಡೆ, ಕೆಸುವಿನ ದಂಟು, ಅಮಟೆ, ಸಿಕ್ಕರೆ ಕಳಲೆ. ಕೆಸುವಿಗೆ ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಅಮಟೆ ಜೊತೆಗಿದ್ದರೆ ಆ ಚಿಂತೆ ಇಲ್ಲ. ಆಶೀರ್ವಾದವಾದ ತೆನೆಯ ಕಾಳನ್ನು ಮನೆಮಂದಿಯ ಲೆಕ್ಕಕ್ಕೆ ಉಗುರಿನಲ್ಲೇ ಸುಲಿದು, ಜಜ್ಜಿ, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸುತ್ತಾರೆ. ಮಿಕ್ಸಿಗೆ ಹಾಕಿದರೆ ಇಷ್ಟು ಸ್ವಲ್ಪ ಕಾಳು ಬ್ಲೇಡಿಗೇ ಅಂಟಿ ಹೋಗುತ್ತದೆ. ಮನೆಯ ಹಿರಿಯರು ಪ್ರಾರ್ಥಿಸಿ ಒಬ್ಬೊಬ್ಬರ ಕೈಗೂ ಒಂದೊಂದು ಚಮಚ ಹಾಕುತ್ತಾರೆ. ದೂರದಲ್ಲಿರುವ ಮಗನ ಪಾಲನ್ನು ಎತ್ತಿಡುವವರೂ ಇದ್ದಾರೆ. ಉಳಿದ ತೆನೆಯನ್ನು ದೇವರ ಪೀಠದ ಶಿಲುಬೆಗೆ ಸಿಕ್ಕಿಸುತ್ತಾರೆ.

ಹಬ್ಬ ಮುಗಿದ ಮೇಲೆ ಏನು? ನೋಟ್‌ಬುಕ್ಕಿನಲ್ಲಿ ಗೆರೆ ಎಳೆದ ಒಂದೇ ಒಂದು ಸೇವೆಯನ್ನು ಹಿಡಿದು ಮೂರು ತಿಂಗಳು ಮಾಡುವುದು. ಮೂರೇ ಏಕೆಂದರೆ ಅದು ಮರಿಯಮ್ಮನ ಲೆಕ್ಕ. ದೂತನಿಗೆ ಆಗಲಿ ಅಂದ ಮೇಲೆ ಅವಳು ಮಾಡಿದ ಮೊದಲ ಕೆಲಸ, ಬೆಟ್ಟದ ಸೀಮೆಯಲ್ಲಿದ್ದ ನೆಂಟಳು ಎಲಿಜಬೇತಳ ಮನೆಗೆ ಅವಸರವಾಗಿ ಹೊರಟದ್ದು. ಅದೂ ಒಂದು ಮಲೆನಾಡೇ. ವಯಸ್ಸಾದ ಬಸುರಿಯ ಮನೆಯಲ್ಲಿ ಹೆಚ್ಚುಕಡಿಮೆ ಮೂರು ತಿಂಗಳು ಇದ್ದಳು ಎಂದು ಲೂಕ ಬರೆಯುತ್ತಾನೆ. ಏನು ಮಾಡಿದಳು ಎಂದು ಬರೆದಿಲ್ಲ, ನೀರು ಸೇದುವುದು, ಹಿಟ್ಟು ಬೀಸುವುದು ಇದ್ದೇ ಇತ್ತಲ್ಲ. ಎರಡನೆಯ ಸೇವೆಗೆ ಕರೆ ಬಂದರೆ ಈ ಮೂರು ತಿಂಗಳು ಬೇಡವೆನ್ನಿ. ನಾಲ್ಕು ಸಮಿತಿಯಲ್ಲಿ ಹೆಸರು ಕೊಟ್ಟವರೇ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಹೊತ್ತಿಗೆ ಯಾವುದರಲ್ಲೂ ಕಾಣುವುದಿಲ್ಲ. ಮನೆಯ ಕೆಲಸ ತಪ್ಪಿಸಿಕೊಳ್ಳಲು ಚರ್ಚಿನ ಕೆಲಸ ಹಿಡಿದಿದ್ದರೆ ಅದೂ ಅಷ್ಟರಲ್ಲಿ ಬಯಲಾಗುತ್ತದೆ, ಹೆಂಡತಿಯನ್ನೋ ಗಂಡನನ್ನೋ ಕೇಳಿದರೆ ಸಾಕು. ಮಳೆ, ಜ್ವರ, ಅಡಿಕೆ ಕೊಯ್ಲು ಅಂತ ವಾರ ತಪ್ಪಿದರೆ ತಪ್ಪಿತೆಂದು ಬರೆದಿಡಿ, ಮುಂದಿನ ವಾರ ಹೋಗಿ.

ಸೆಪ್ಟೆಂಬರ್ 8ರಿಂದ ಎಣಿಸಿದರೆ ಮೂರು ತಿಂಗಳು ಮುಗಿಯುವುದು ಡಿಸೆಂಬರ್ 8ಕ್ಕೆ, ಅಮಲೋದ್ಭವ ಮಾತೆ ಮರಿಯಮ್ಮನ ಹಬ್ಬಕ್ಕೆ. ಅಂದು ನೋಟ್‌ಬುಕ್ಕು ತೆಗೆದು, ಗುರುಗಳ ಹತ್ತಿರ ಕೂತು, ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸಬಹುದು. ಆ ಹೊತ್ತಿಗೆ ಮಲೆನಾಡಿನಲ್ಲಿ ಬೆಳಗಿನ ಇಬ್ಬನಿ ಆರಿದ ಮೇಲೆ ಭತ್ತದ ಕೊಯ್ಲು ನಡೆದಿರುತ್ತದೆ. ಬರುವಾಗ ಗದ್ದೆಯಂಚಿನಿಂದ ನಾಲ್ಕು ತೆನೆ ಮುರಿದು ತಂದು, ಶಿಲುಬೆಯ ಪಕ್ಕ ಒಣಗಿ ಬಣ್ಣಗೆಟ್ಟ ಘಟ್ಟದ ಕೆಳಗಿನ ತೆನೆಯ ಜೊತೆಗೆ ಸಿಕ್ಕಿಸಿ.