ನೆನೆಯದಿದ್ದರೆ ಅದೆಂಥಾ ನೀರಾಟ?

ಮೊನ್ನೆ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ನಾವು ಕೂತಿದ್ದ ದೋಣಿ ಎತ್ತರದಿಂದ ಜಾರಿ ನೀರಿಗೆ ಅಪ್ಪಳಿಸಿತು. ಮುಂದೆ ಕೂತಿದ್ದ ತಮ್ಮ ಪೂರ್ತಿ ತೊಯ್ದು ತೊಪ್ಪೆ. ಹಿಂದಿನ ಸೀಟಿನ ನನಗೆ ಬರೀ ತುಂತುರು! ಅರ್ಧ ಗಂಟೆ ಕ್ಯೂ ನಿಂತಿದ್ದು ಸುಮ್ನೆ ಅನಿಸಿತು.

ಈ ಆಟದ ಮೂಲ ಮರದ ದಿಮ್ಮಿ. ಬೆಟ್ಟದಲ್ಲಿ ಕಡಿದ ದಿಮ್ಮಿಗಳನ್ನು ಹಲಗೆಯ ಕಾಲುವೆಯಲ್ಲಿ ನೀರು ಹರಿಸಿ ಕೆಳಗೆ ಸಾಗಿಸುತ್ತಿದ್ದರು. ಅದನ್ನೇ ಆಟವಾಗಿಸಿ 1963ರಲ್ಲಿ ಟೆಕ್ಸಾಸ್‌ನ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನಲ್ಲಿ ಲಾಗ್ ಫ್ಲೂಮ್ ಎಂಬ ಈ ದೋಣಿಯಾಟ ಶುರು ಮಾಡಿದರು. ದಿಮ್ಮಿಗೆ ನೆಗಡಿಯ ಭಯ ಇರಲಿಲ್ಲ ಬಿಡಿ.

ನನಗಂತೂ ತಲೆಯಿಂದ ಕಾಲಿನವರೆಗೆ ನೆನೆಯಬೇಕು. ಆದರೆ ಏಪ್ರಿಲ್ ಬಿಸಿಲಲ್ಲಿ ಮಾತ್ರ. ಡಿಸೆಂಬರ್ ಸಂಜೆ ಒದ್ದೆ ಜೀನ್ಸ್ ಹಾಕಿಕೊಂಡು ಕಿಟಕಿ ಮುಚ್ಚದ ಬಸ್ಸಲ್ಲಿ ಕೂತವಳು ನಾನು. ಅಮ್ಮ ಮಾಡಿಕೊಟ್ಟ ಮೆಣಸಿನ ಕಷಾಯದ ಖಾರ ಇನ್ನೂ ನೆನಪಿದೆ.