ಡಿಲೀಟ್ ಮಾಡಿದರೂ ಡಿಸ್ಕ್ ಫುಲ್

ತಂಡಕ್ಕೆ ಹೊಸದಾಗಿ ಸೇರಿದವರಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ: "ಸರ್, ಅಷ್ಟು ದೊಡ್ಡ ಲಾಗ್ ಫೈಲ್ ತೆಗೆದೆ, ಆದ್ರೂ ಡಿಸ್ಕ್ ಫುಲ್ ಅಂತಿದೆ?" ಫೈಲುಗಳು ಹಿಡಿದಿರುವ ಜಾಗವನ್ನು ಕೂಡಿಸಿ ಹೇಳುವ ಡಿಯು ಕಮಾಂಡ್ ಕೊಟ್ಟರೆ ಅಷ್ಟೇನೂ ತುಂಬಿಲ್ಲ. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಹೇಳುವ ಡಿಎಫ್ ಕಮಾಂಡ್ ಕೊಟ್ಟರೆ ಪೂರ್ತಿ ತುಂಬಿದೆ. ಎರಡೂ ನಿಜವನ್ನೇ ಹೇಳುತ್ತಿವೆ. ನನಗೆ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಇಷ್ಟವಾಗಲು ದೊಡ್ಡ ಕಾರಣ ಇದರ ಹಿಂದಿರುವ ಯೋಚನೆಯೇ.

ಯುನಿಕ್ಸ್‌ನಲ್ಲಿ ಫೈಲ್ ಬೇರೆ, ಅದರ ಹೆಸರು ಬೇರೆ. ಫೈಲಿನ ಗಾತ್ರ, ಮಾಲೀಕ, ಪರ್ಮಿಶನ್, ಡೇಟಾ ಡಿಸ್ಕಿನಲ್ಲಿ ಎಲ್ಲೆಲ್ಲಿದೆ ಎಂಬುದೆಲ್ಲ ಐನೋಡ್ ಎಂಬ ದಾಖಲೆಯಲ್ಲಿ ಇರುತ್ತದೆ. ಹೆಸರು ಮಾತ್ರ ಅಲ್ಲಿಲ್ಲ. ಅದು ಡೈರೆಕ್ಟರಿಯಲ್ಲಿ, ಅಂದರೆ ಫೋಲ್ಡರಿನಲ್ಲಿದೆ: ಈ ಹೆಸರಿಗೆ ಈ ಐನೋಡ್ ನಂಬರ್, ಅಷ್ಟೇ. ಎಲ್‌ಎನ್ ಕಮಾಂಡಿನಿಂದ ಹಾರ್ಡ್ ಲಿಂಕ್ ಮಾಡಿದರೆ ಅದೇ ಐನೋಡ್‌ಗೆ ಇನ್ನೊಂದು ಹೆಸರು ಸಿಗುತ್ತದೆ. ಅದರಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂಬ ಮಾತೇ ಇಲ್ಲ. 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಎಲ್‌ಎನ್ ಇದೆ. ಸಿಂಬಾಲಿಕ್ ಲಿಂಕ್ ಬಂದಿದ್ದು ಆಮೇಲೆ, 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ. ಅದು ಇನ್ನೊಂದು ಫೈಲಿನ ಪಾತ್, ಅಂದರೆ ವಿಳಾಸ, ಬರೆದಿಟ್ಟುಕೊಂಡ ಪುಟ್ಟ ಫೈಲ್.

ಡಿಲೀಟ್ ಮಾಡುವ ಆರ್‌ಎಂ ಕಮಾಂಡ್ ತೆಗೆಯುವುದು ಒಂದು ಹೆಸರನ್ನು. ಡಿಸ್ಕಿನ ಜಾಗ ಬಿಡುಗಡೆಯಾಗಬೇಕಾದರೆ ಎಲ್ಲ ಹೆಸರುಗಳೂ ಹೋಗಿರಬೇಕು, ಯಾವ ಪ್ರೊಸೆಸ್ಸೂ (ಓಡುತ್ತಿರುವ ಪ್ರೋಗ್ರಾಮೂ) ಆ ಫೈಲನ್ನು ತೆರೆದಿಟ್ಟುಕೊಂಡಿರಬಾರದು. ಡಿಯು ಹೆಸರು ಹಿಡಿದು ಎಣಿಸುತ್ತದೆ, ಹೆಸರಿಲ್ಲದ ಫೈಲ್ ಅದಕ್ಕೆ ಕಾಣುವುದಿಲ್ಲ. ಡಿಎಫ್ ಫೈಲ್ ಸಿಸ್ಟಮ್ಮಿನ ಲೆಕ್ಕವನ್ನೇ ಕೇಳುತ್ತದೆ.

ಹಾಗೆ ಹಿಡಿದುಕೊಂಡಿರುವ ಪ್ರೊಸೆಸ್ ಯಾವುದು ಎಂದು ಎಲ್‌ಎಸ್‌ಓಎಫ್ ಕಮಾಂಡ್ ತೋರಿಸುತ್ತದೆ. ಅದನ್ನು ರೀಸ್ಟಾರ್ಟ್ ಮಾಡಿದರೆ ಜಾಗ ವಾಪಸ್. ಆದರೆ ಬೇಕಾದ ಫೈಲೇ ಕೈತಪ್ಪಿ ಡಿಲೀಟ್ ಆಗಿದ್ದರೆ ದಯವಿಟ್ಟು ರೀಸ್ಟಾರ್ಟ್ ಮಾಡಬೇಡಿ! ಯುನಿಕ್ಸ್ ಮಾದರಿಯ ಲಿನಕ್ಸ್‌ನಲ್ಲಿ ಪ್ರಾಕ್ ಡೈರೆಕ್ಟರಿಯೊಳಗೆ ಆ ಪ್ರೊಸೆಸ್ಸಿನ ನಂಬರ್, ಅದರೊಳಗೆ ಪ್ರೊಸೆಸ್ ತೆರೆದಿಟ್ಟ ಫೈಲುಗಳನ್ನು ತೋರಿಸುವ ಎಫ್‌ಡಿ ಎಂಬ ಡೈರೆಕ್ಟರಿ ಇದೆ. ಫೈಲ್ ಅಲ್ಲಿ ಇನ್ನೂ ಜೀವಂತವಾಗಿರುತ್ತದೆ. ಸುಮ್ನೆ ಸಿಪಿ ಕಮಾಂಡ್ ಕೊಟ್ಟು ಕಾಪಿ ಮಾಡಿಕೊಳ್ಳಬಹುದು.

ಸರ್ವರ್ ಓಡುತ್ತಿರುವಾಗಲೇ ಅಪ್‌ಡೇಟ್ ಹಾಕಲು ಆಗುವುದೂ ಇದರಿಂದಲೇ. ಹೊಸ ಲೈಬ್ರರಿ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲ್) ಹಳೆಯದರ ಹೆಸರನ್ನು ತಾನು ಪಡೆಯುತ್ತದೆ. ಓಡುತ್ತಿರುವ ಪ್ರೊಸೆಸ್ ಮಾತ್ರ ಹಳೆಯ ಐನೋಡ್ ಬಿಡುವುದಿಲ್ಲ. ಹಾಗಾಗಿ ಎನ್‌ಕ್ರಿಪ್ಶನ್ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ಗೆ ಸೆಕ್ಯುರಿಟಿ ಪ್ಯಾಚ್ ಹಾಕಿದ ಮೇಲೂ ವೆಬ್ ಸರ್ವರ್ ಹಳೆಯ ಕೋಡನ್ನೇ ಓಡಿಸುತ್ತಿರುತ್ತದೆ. ಪ್ಯಾಚ್ ಹಾಕಿದ ದಿನವೇ ಅದನ್ನು ರೀಸ್ಟಾರ್ಟ್ ಮಾಡಿ.