ಕಾರ್ಟೂನ್ ಯಾಕೆ ಮಾಡಿದ್ದು?

"ಕತೆ ಚೆನ್ನಾಗಿದೆ. ಆದ್ರೆ ಕಾರ್ಟೂನ್ ಯಾಕೆ ಮಾಡಿದ್ದು? ನಿಜವಾದ ವಿಡಿಯೋನೇ ಮಾಡಬಹುದಿತ್ತಲ್ವಾ?"

ಕಾರವಾರದ ಹತ್ತಿರ ಅರ್ಗಾದಲ್ಲಿದ್ದ ನಮ್ಮ ಮನೆಯ ಬಗ್ಗೆ ಐದು ನಿಮಿಷದ ಅನಿಮೇಶನ್ ಸಾಕ್ಷ್ಯಚಿತ್ರ ಮಾಡಿದೆ. ಅವತ್ತಿನಿಂದ ಇದನ್ನು ಕೇಳದವರಿಲ್ಲ. ಮೊದಮೊದಲು ನಗುತ್ತಾ ಉತ್ತರ ಕೊಡುತ್ತಿದ್ದೆ. ಈಗ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ವಿಡಿಯೋ ಎಲ್ಲಿ ಮಾಡಲಿ ಮಾರಾಯ್ರೆ? ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರ ಅಕ್ಟೋಬರ್ 24ರಂದು. ನೆಲೆ ಶುರುವಾಗಿದ್ದು 2005ರಲ್ಲಿ. ನಮ್ಮ ಮನೆಯಿದ್ದ ಜಾಗ ಈಗ ಆ ನೆಲೆಯ ಗೋಡೆಯ ಆಚೆಗಿದೆ. ಬಸ್ಸಿನ ಕಿಟಕಿಯಿಂದ ಕಾಣುವುದು ಆ ಗೋಡೆ, ಮತ್ತೆ ಫೋಟೋ ತೆಗೆಯಬಾರದು ಎಂಬ ಬೋರ್ಡು. ನಾನು ತೆಗೆಯಬಹುದಾದ ನಿಜವಾದ ವಿಡಿಯೋ ಅಂದರೆ ಆ ಬೋರ್ಡಿನದ್ದು. ಅದನ್ನೂ ತೆಗೆಯುವ ಹಾಗಿಲ್ಲ!

ವಿಡಿಯೋ ಇಲ್ಲದ್ದನ್ನು ಬಿಡಿಸಿ ತೋರಿಸುವುದೇನು ನಾನು ಕಂಡುಹಿಡಿದ ಉಪಾಯವಲ್ಲ. 1915ರಲ್ಲಿ ಲುಸಿಟಾನಿಯಾ ಹಡಗು ಮುಳುಗಿದಾಗ ಅದನ್ನು ಯಾರೂ ಚಿತ್ರೀಕರಿಸಿರಲಿಲ್ಲ. 1918ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ ಅದನ್ನು ಕೈಯಲ್ಲಿ ಬಿಡಿಸಿಯೇ ತೆರೆಗೆ ತಂದ.

ಅಂಕೋಲೆಯ ಒಂದು ಮದುವೆಯಲ್ಲಿ ಮಾತ್ರ ನನಗೆ ನಿಜಕ್ಕೂ ಸಿಟ್ಟು ಬಂತು. ಪಕ್ಕದ ಎಲೆಯಲ್ಲಿ ಕೂತ ನೆಂಟರೊಬ್ಬರು ಪಾಯಸ ಸುರಿಯುತ್ತಾ, "ವಲಸೆ ಅಂತ ಬೇರೆ ಹಾಕಿದ್ದೀಯಲ್ಲ, ಅರ್ಗಾದಿಂದ ತೋಡೂರಿಗೆ ಹೋಗಿದ್ದು ವಲಸೆಯಾ? ವಲಸೆ ಅಂದ್ರೆ ನಾನು ದುಬೈಗೆ ಹೋಗಿದ್ದು" ಅಂದರು. ಅವರು ದುಬೈಯಿಂದ ವರ್ಷಕ್ಕೊಮ್ಮೆ ತಮ್ಮ ಮನೆಗೆ ಬರುತ್ತಾರೆ. ನಮ್ಮ ಅಜ್ಜಿ ತೋಡೂರಿನ ಪುನರ್ವಸತಿ ಕಾಲೊನಿಯಿಂದ ತನ್ನ ಮನೆಗೆ ಒಮ್ಮೆಯೂ ಹೋಗಿಲ್ಲ. ದಾರಿ ಅರ್ಧ ಗಂಟೆಯದ್ದೂ ಅಲ್ಲ. ಅಲ್ಲೇ ಹೇಳಬೇಕಿತ್ತು. ಹೋಳಿಗೆ ಬಡಿಸಲು ಬಂದರು, ಸುಮ್ನಾದೆ.

ನನ್ನನ್ನು ಕೇಳಬೇಕಾದ್ದು ಬೇರೆ ಇದೆ: ಯಾರ ನೆನಪನ್ನು ನೋಡಿ ಬಿಡಿಸಿದೆ?

ಮನೆಯದ್ದು ಉಳಿದಿರುವುದು ಒಂದೇ ಫೋಟೋ. ಅದರಲ್ಲಿ ಅತ್ತೆಯ ಮದುವೆಯ ಜನವೆಲ್ಲ ಇದ್ದಾರೆ, ಮನೆ ಮಾತ್ರ ಒಂದು ತುಂಡು ಗೋಡೆ. ಉಳಿದಿದ್ದೆಲ್ಲ ಕೇಳಿ ಕೇಳಿ ಬಿಡಿಸಬೇಕಾಯಿತು. ಒಂದು ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಹಿಡಿದರೂ 12 ಚಿತ್ರ ಬೇಕು. ಬಾವಿಯಿಂದ ಕೊಡಪಾನ ಮೇಲೆ ಬರುವ ನಾಲ್ಕು ಸೆಕೆಂಡಿಗೇ 48. ಬರೆಯುವಾಗ 'ಅಂಗಳದಲ್ಲೊಂದು ಹಲಸಿನ ಮರ' ಎಂದರೆ ಮುಗಿಯಿತು. ಬಿಡಿಸುವಾಗ ಹಾಗಲ್ಲ. ಜಗಲಿಯಲ್ಲಿ ಸಮುದ್ರದ ಕಡೆ ಮುಖ ಮಾಡಿ ನಿಂತರೆ ಮರ ಎಡಕ್ಕಾ, ಬಲಕ್ಕಾ?

ಅಜ್ಜಿ ಎಡಕ್ಕೆ ಅಂದಳು. ದೊಡ್ಡಪ್ಪ ಬಲಕ್ಕೆ ಅಂದರು. ಇಬ್ಬರೂ ಆ ಮರದ ಹಣ್ಣು ತಿಂದವರೇ. ಎರಡು ದಿನ ಮಾತು ಬಿಟ್ಟರು. ಕೊನೆಗೆ ನಾನು ಮೊದಲ ದೃಶ್ಯದಲ್ಲಿ ಎಡಕ್ಕೆ, ಮನೆ ಖಾಲಿ ಮಾಡುವ ದೃಶ್ಯದಲ್ಲಿ ಬಲಕ್ಕೆ ಬಿಡಿಸಿದೆ.

ಇಷ್ಟು ಜನ ನೋಡಿದ್ದಾರೆ, ಮರ ಜಾಗ ಬದಲಿಸಿದ್ದನ್ನು ಒಬ್ಬರೂ ಕೇಳಲಿಲ್ಲ. ಅಜ್ಜಿಗೆ ಮಾತ್ರ ಮೊದಲ ಸಲಕ್ಕೇ ಗೊತ್ತಾಯಿತು. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೊಮ್ಮೆ ಹಾಕಿಸಿಕೊಂಡಳು.

"ಇದು ಅವನು ಹೇಳಿದ್ದಲ್ವಾ? ಇದನ್ನ ಅಳಿಸು."